ಹೋದ ವರ್ಷದಷ್ಟೇ

"ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ ಕಣಯ್ಯ. ಹೋದ ವರ್ಷ ಎಷ್ಟು ಬಂದಿತ್ತೋ ಈ ವರ್ಷಾನೂ ಅಷ್ಟೇ. ಹೋಗು, ತಿಂಡಿ ತಿನ್ನು" ಎಂದ ಮರ್ವ್. ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರರ ಮೈಕೈ ನೋಡಿಕೊಳ್ಳುವ ಮುದುಕ. ಕಂಪ್ಯೂಟರಿನ ಪರದೆಯಿಂದ ಕಣ್ಣು ಕೂಡ ಎತ್ತಿರಲಿಲ್ಲ. ಕಾರ್ಡೆಲ್ ಫಾಂಟೆನೋ ಎದ್ದೇನೋ ನಿಂತ, ಕಾಲು ಮುಂದೆ ಹೋಗಲಿಲ್ಲ. ಇನ್ನೊಂದು ಸಲ ಸರಿಯಾಗಿ ನೋಡಿ ಎನ್ನಬೇಕೆನಿಸಿತು. ಬಾಗಿಲಾಚೆ ಮುಂದಿನವನು ಕೆಮ್ಮಿದ. ಆ ಕೋಣೆ ಯಾವುದೋ ಕಾಲೇಜಿನ ರಸಾಯನಶಾಸ್ತ್ರದ ಕೋಣೆ. ಬೇಸಿಗೆ ರಜೆಯಲ್ಲಿ ಹುಡುಗರೆಲ್ಲ ಮನೆಗೆ ಹೋದ ಮೇಲೆ ತಂಡ ಒಹಾಯೋದ ಮೆಕ್ಕೆಜೋಳದ ಹೊಲಗಳ ನಡುವಿನ ಈ ಕಾಲೇಜಿಗೆ ಬಂದು ಬೀಡುಬಿಡುತ್ತಿತ್ತು. ಗೋಡೆಯ ಮೇಲೆ ಮೂಲಧಾತುಗಳ ಪಟ ಇತ್ತು. ಚಿನ್ನದ ಗುರುತು ಯಾವುದು ಎಂದು ಅವನು ಹುಡುಕಿದ. ಶಾಲೆಯಲ್ಲಿ ಗೊತ್ತಿತ್ತು. ಈಗ ಗೊತ್ತಿಲ್ಲದ್ದು ಎಲ್ಲರಿಗೂ ಮರೆಯುವಂಥದ್ದೋ, ಅಥವಾ ಇದೂ ತನ್ನ ತಲೆಯಿಂದ ಜಾರಿದ್ದೋ ಎಂಬ ಪ್ರಶ್ನೆ ಎದ್ದದ್ದೇ ತಡ, ಪಟದಿಂದ ಕಣ್ಣು ಕಿತ್ತ. "ಇನ್ನೂ ಇಲ್ಲೇ ಇದ್ಯಾ?" ಎಂದ ಮರ್ವ್. ಕಾರ್ಡೆಲ್ ನಕ್ಕು ಹೊರಗೆ ಬಂದ. ನಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಶಿಬಿರದ ಮೊದಲ ದಿನ ಒಬ್ಬೊಬ್ಬರನ್ನೇ ಹೀಗೆ ಕೂರಿಸುತ್ತಾರೆ. ಪರದೆಯ ಮೇಲೆ ಪದಗಳು ಬಂದು ಮಾಯವಾಗುತ್ತವೆ. ಯಾವುವು ಬಂದಿದ್ದವು, ಯಾವುವು ಬರಲಿಲ್ಲ ಎಂದು ಹೇಳಬೇಕು. ಬಣ್ಣ ಬದಲಾದ ಕೂಡಲೇ ಗುಂಡಿ ಒತ್ತಬೇಕು. ಅದು ಅವರವರ ತಲೆಯ ಅಳತೆ. ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಕೂರಿಸಿ ಈ ಅಳತೆಗೆ ಹೋಲಿಸುತ್ತಾರೆ. ಇಳಿದಿದ್ದರೆ ಮೈದಾನಕ್ಕೆ ಬಿಡುವುದಿಲ್ಲ. ಆದ್ದರಿಂದ ಬುದ್ಧಿ ಇದ್ದವನು ಮೊದಲ ದಿನವೇ ದಡ್ಡನಾಗಿಬಿಡುತ್ತಾನೆ. ಮೊದಲೇ ನೆಲಕ್ಕೆ ಹತ್ತಿರ ಇದ್ದರೆ ಬೀಳುವುದಕ್ಕೆ ಜಾಗವೆಲ್ಲಿ? ಈ ತಂಡಕ್ಕೆ ಹೊಸಬನಾಗಿ ಸೇರಿದಾಗ ಕಾರ್ಡೆಲ್‌ಗೆ ಇದನ್ನು ಕಲಿಸಿದವನು ಡ್ರೂ, ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವ ರಿಸೀವರುಗಳಲ್ಲಿ ಆಗಿನ ಹಿರಿಯ. "ಇವತ್ತು ಜಾಣತನ ತೋರಿಸ್ಬೇಡ ಮರಿ. ಪ್ರತಿ ಸುತ್ತಲ್ಲೂ ಒಂದೆರಡು ಪದ ಬಿಟ್ಬಿಡು. ಬಣ್ಣ ಬಂದಾಗ ಒಂದು ಉಸಿರು ತಗೊಂಡು ಒತ್ತು. ಪೂರ್ತಿ ಹಾಳು ಮಾಡೋಕೂ ಹೋಗ್ಬೇಡ, ಸಿಕ್ಕಿಹಾಕ್ಕೋತೀಯ." ಕಾರ್ಡೆಲ್ ಹೇಳಿದಂತೆಯೇ ಮಾಡಿದ. ಎಷ್ಟು ಅಚ್ಚುಕಟ್ಟಾಗಿ ಮಾಡಿದನೆಂದರೆ, ತನ್ನ ಜಾಣತನವನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲವಲ್ಲ ಎಂದು ಅವನಿಗೆ ಬೇಸರವಾಯಿತು. ಬೇಸರಕ್ಕೆ ಇನ್ನೊಂದು ಕಾರಣವೂ ಇತ್ತು. ಅಷ್ಟು ಕಡಿಮೆ ಬಂದದ್ದನ್ನು ನೋಡಿ, ಇವನಿಂದ ಇದಕ್ಕಿಂತ ಚೆನ್ನಾಗಿ ಆಗುತ್ತದೆಯಲ್ಲ ಎಂದು ಒಬ್ಬರಾದರೂ ಕೇಳಲಿಲ್ಲ. ಲೂಯಿಸಿಯಾನಾದ ಹಳ್ಳಿಯ ಕರಿಯ ಹುಡುಗ, ಕೈ ಚೆನ್ನಾಗಿದೆ, ಕಾಲು ಚೆನ್ನಾಗಿದೆ, ತಲೆ ಇಷ್ಟೇ. ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಅವನ ತಾಯಿ, ಇವನು ಚರ್ಚಿನಲ್ಲಿ ನಿಂತು ಉದ್ದುದ್ದ ಕೀರ್ತನೆಗಳನ್ನು ಒಂದು ಪದ ತಪ್ಪದೆ ಒಪ್ಪಿಸುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ತುಟಿ ಆಡಿಸುತ್ತಿದ್ದಳು. ಅವಳಿಗೆ ಆ ಅಂಕ ತೋರಿಸಿದ್ದರೆ ಯಾರ ಮನೆ ಹುಡುಗನದು ಇದು ಎನ್ನುತ್ತಿದ್ದಳು. ಅಂದಿನಿಂದ ಪ್ರತಿ ವರ್ಷ ಕಾರ್ಡೆಲ್ ಅದೇ ಅಳತೆಯ ಸುತ್ತಮುತ್ತ ಸುಳ್ಳು ಹೇಳುತ್ತಾ ಬಂದಿದ್ದ. ಈ ವರ್ಷ ಮಾತ್ರ ಹೇಳಿರಲಿಲ್ಲ. ಈ ವರ್ಷ ಬೆನ್ನು ನೆಟ್ಟಗೆ ಮಾಡಿಕೊಂಡು, ಉಸಿರು ಬಿಗಿಹಿಡಿದು, ಒಂದೊಂದು ಪದವನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತಾ ತನಗೆ ಬರುವುದನ್ನೆಲ್ಲ ಬರೆದಿದ್ದ. ಬಂದದ್ದು ಹೋದ ವರ್ಷದಷ್ಟೇ.

ಊಟದ ಹಜಾರದಲ್ಲಿ ಮೊಟ್ಟೆ, ಹಂದಿಮಾಂಸದ ವಾಸನೆ, ನೂರಾರು ಮೈಗಳ ಸದ್ದು. ಹೊಸ ಹುಡುಗನೊಬ್ಬನನ್ನು ಕುರ್ಚಿಯ ಮೇಲೆ ಹತ್ತಿಸಿ ಹಾಡಿಸುತ್ತಿದ್ದರು. ಶ್ರುತಿ ತಪ್ಪಿದಾಗಲೆಲ್ಲ ಬನ್ನಿನ ಚೂರು ತೂರಿ ಬರುತ್ತಿತ್ತು. ಕಾರ್ಡೆಲ್ ತಟ್ಟೆ ತುಂಬಿಕೊಂಡು ಕಿಟಕಿಯ ಬಳಿ ಕೂತ. ಬೂಟಿನಂಗಡಿಯಲ್ಲೂ ಹೀಗೇ ದೊಡ್ಡ ಗಾಜಿತ್ತು. ಜೂನ್ ತಿಂಗಳ ಶನಿವಾರ. ಮಗಳು ನೈಲಾ ನೇರಳೆ ಬಣ್ಣದ್ದೇ ಬೇಕು ಎಂದಳು, ಅವನು ದುಡ್ಡು ಕೊಟ್ಟ, ಅಂಗಡಿಯ ಹುಡುಗನಿಗೆ ತನ್ನ ಹೆಸರಾಂತ ಕ್ಯಾಚಿನ ಫೋಟೋದ ಮೇಲೆ ಸಹಿ ಹಾಕಿಕೊಟ್ಟ, ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟ, ಹೊರಟ. ಸಿಗ್ನಲ್ಲಿನಲ್ಲಿ ನಿಂತಾಗ ರೇಡಿಯೋದಲ್ಲಿ ಬರುತ್ತಿದ್ದ ಹಾಡು ಯಾರಿಗೋ ಇಷ್ಟವಲ್ಲವೇ ಎನಿಸಿತು, ಯಾರಿಗೆ ಎಂದು ಯೋಚಿಸಿದ, ಕನ್ನಡಿಯಲ್ಲಿ ಪೆಟ್ಟಿಗೆ ಕಾಣಿಸಿತು. ಪೆಟ್ಟಿಗೆಯ ಪಕ್ಕ ಸೀಟು ಖಾಲಿ ಇತ್ತು. ಅಲ್ಲೇ ಕಾರು ತಿರುಗಿಸಿದ. ವಾಪಸು ಹೋದಾಗ ಮಗಳು ಅಂಗಡಿಯ ಗಾಜಿನ ಹಿಂದೆ, ಹಳೆಯ ಬೂಟುಗಳನ್ನು ಎದೆಗವಚಿಕೊಂಡು, ಹೊಸ ಬೂಟಿನಲ್ಲಿ ನಿಂತಿದ್ದಳು. ಪೆಟ್ಟಿಗೆ ಖಾಲಿಯಾಗಿತ್ತು, ಬೂಟುಗಳು ಅವಳ ಕಾಲಲ್ಲಿದ್ದವು ಎಂಬುದೂ ಅವನಿಗೆ ಮರೆತಿತ್ತು. ಅವಳು ಅಳುತ್ತಿರಲಿಲ್ಲ. "ತಮಾಷೆ ಮಾಡಿದ್ದು ತಾನೆ ಡ್ಯಾಡಿ?" ಎಂದಳು. "ಹ್ಞೂಂ, ಹೆದರಿಬಿಟ್ಯಾ?" ಎಂದ. "ಇಲ್ಲಪ್ಪ" ಎಂದಳು. ಮನೆಗೆ ಹೋದ ಮೇಲೆ ಅವಳು ಅಮ್ಮನಿಗೆ ಬೂಟು ತೋರಿಸಿದಳು, ಬಣ್ಣ ಹೇಳಿದಳು, ಅಂಗಡಿಯಲ್ಲಿ ಕೊಟ್ಟ ಮಿಠಾಯಿ ತೋರಿಸಿದಳು, ಅದೊಂದನ್ನು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಅವಳಿಗೂ ಗೊತ್ತಾಗಿದೆ ಎಂದೇ ಅವನಿಗೆ ಅನಿಸಿತು. ಆ ರಾತ್ರಿಯೇ ಅವನು ಈ ಸಲ ಪರೀಕ್ಷೆಯನ್ನು ನಿಜವಾಗಿ ಬರೆಯುತ್ತೇನೆ ಎಂದುಕೊಂಡಿದ್ದ. ಅಂಕ ಜಿಗಿದುಬಿಡುತ್ತದೆ, ಮರ್ವ್ ಗಾಬರಿಯಾಗುತ್ತಾನೆ, ತಾನು ಒಳಗೊಳಗೇ ನಗುತ್ತೇನೆ ಎಂದುಕೊಂಡಿದ್ದ.

"ಅಂಕಲ್, ಒಂದು ನಿಮಿಷ ಸಿಗ್ತೀರಾ?" ಕ್ವಿನ್ಸಿ ಎದುರಿಗೆ ಬಂದು ಕೂತ. ಈ ವರ್ಷ ಸೇರಿದ ರಿಸೀವರ್. ಇಬ್ಬರೂ ಪೈಪೋಟಿ ಮಾಡುವುದು ತಂಡದಲ್ಲಿ ಒಂದೇ ಜಾಗಕ್ಕೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಸಂಜೆ ಅಭ್ಯಾಸ ಮುಗಿದ ಮೇಲೆ ಕಾರ್ಡೆಲ್‌ನ ಭುಜದ ಕವಚ ಹೊತ್ತುಕೊಂಡು ಹೋಗುವ ಸರದಿಯೂ ಅವನದೇ. ಅವನು ತಟ್ಟೆಯ ಮೇಲೆ ಬಾಗಿ ದನಿ ತಗ್ಗಿಸಿದ. "ಮಧ್ಯಾಹ್ನ ನನ್ನ ಪರೀಕ್ಷೆ. ನೀವು ಅದರಲ್ಲಿ ಎಕ್ಸ್‌ಪರ್ಟು ಅಂತಾರೆ ಎಲ್ಲ. ಸ್ವಲ್ಪ ಹೇಳಿಕೊಡಿ."

"ಏನು ಹೇಳಿಕೊಡೋದು?"

"ಅದೇ. ಎಷ್ಟು ಬಿಡ್ಬೇಕು, ಎಲ್ಲಿ ಬಿಡ್ಬೇಕು."

ಕಾರ್ಡೆಲ್ ಅವನ ಮುಖ ನೋಡಿದ. ತನಗೆ ಡ್ರೂ ಹೇಳಿಕೊಟ್ಟದ್ದು ಇಂಥದೇ ಒಂದು ಮೇಜಿನಲ್ಲಿ. ಹೋದ ಚಳಿಗಾಲದ ಹಳೆಯ ಆಟಗಾರರ ಕೂಟದಲ್ಲಿ ಡ್ರೂ ಅವನ ಕೈಕುಲುಕಿ, "ನಿಮ್ಮನ್ನ ನೋಡಿ ಸಂತೋಷ ಆಯ್ತು, ಯಾವ ಊರು ತಮ್ಮದು?" ಎಂದಿದ್ದ. ಕಾರ್ಡೆಲ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಡ್ರೂನ ಹೆಂಡತಿ ನಗಲಿಲ್ಲ.

"ಏನೂ ಬಿಡ್ಬೇಡ" ಎಂದ ಕಾರ್ಡೆಲ್. "ಬರೋದೆಲ್ಲ ಬರಿ. ಎಷ್ಟು ಚೆನ್ನಾಗಿ ಆಗುತ್ತೋ ಅಷ್ಟು ಚೆನ್ನಾಗಿ ಮಾಡು."

ಕ್ವಿನ್ಸಿ ಹಲ್ಲು ಕಿರಿದ. "ಭಲೇ ಅಂಕಲ್! ನಾನು ಪೂರ್ತಿ ಅಂಕ ತಗೋಬೇಕು, ಸೆಪ್ಟೆಂಬರಲ್ಲಿ ಯಾವನೋ ಬಂದು ಗುದ್ದಬೇಕು, ನಾನು ಮನೇಲಿ ಟೀವಿ ನೋಡ್ತಾ ಕೂರಬೇಕು, ನೀವು ಆರಾಮಾಗಿ ಆಡ್ಕೊಂಡಿರಬೇಕು. ಅಲ್ವಾ?"

"ಹಂಗಲ್ಲ ಕಣೋ..."

"ಪರವಾಗಿಲ್ಲ ಬಿಡಿ. ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಹೇಳ್ತಿದ್ದೆ. ಬೇರೆ ಯಾರನ್ನಾದ್ರೂ ಕೇಳ್ಕೋತೀನಿ." ಹುಡುಗ ಎದ್ದು ಹೋದ. ಇಷ್ಟು ವರ್ಷಗಳಲ್ಲಿ ಕಾರ್ಡೆಲ್ ಒಬ್ಬರಿಗೆ ಹೇಳಿದ ಒಂದೇ ಒಂದು ಒಳ್ಳೆಯ ಮಾತು ಹೊಟ್ಟೆಕಿಚ್ಚಿನ ಮಾತಾಗಿ ಹೋಗಿತ್ತು. ಆಚೆಯ ಮೇಜಿನಲ್ಲಿ ಹುಡುಗ ಏನೋ ಹೇಳಿದ. ಅಲ್ಲಿದ್ದವರು ತಿರುಗಿ ನೋಡಿ ನಕ್ಕರು. ಕಾರ್ಡೆಲ್‌ನ ಕಿವಿ ಬಿಸಿಯಾಯಿತು.

ಮೈದಾನದಲ್ಲಿ ಹುಲ್ಲು ಆಗಲೇ ಕಾದಿತ್ತು. ಹೆಲ್ಮೆಟ್ ಹಾಕಿಕೊಂಡ ಕೂಡಲೇ ಜಗತ್ತು ಕಿರಿದಾಗಿ ಅವನಿಗೆ ಸಮಾಧಾನವಾಯಿತು. ಎದುರಾಳಿಯ ಹೆಗಲನ್ನು ಒಂದು ಕಡೆ ನಂಬಿಸಿ ಇನ್ನೊಂದು ಕಡೆ ತಿರುಗಿ, ಮೈದಾನದ ನಟ್ಟನಡುವೆ ಓಡಿ, ಹಿಂದಿನಿಂದ ಯಾರು ಬರುತ್ತಿದ್ದಾರೆಂದು ನೋಡದೆ ಕೈ ಚಾಚಬೇಕು. ಚೆಂಡು ತಿರುಗುತ್ತಾ ಬಂತು, ಅದರ ಹೊಲಿಗೆ ಕೂಡ ಕಾಣಿಸಿತು, ಬೆರಳುಗಳು ತಾವಾಗಿಯೇ ಮುಚ್ಚಿಕೊಂಡವು. ಯಾರೋ ಸಿಳ್ಳೆ ಹಾಕಿದರು. "ನೋಡ್ರೋ ಮುದುಕನ್ನ!" ಸಂತೋಷ ಅವನ ಮೈಯೆಲ್ಲ ತುಂಬಿತು; ಇದಕ್ಕಿಂತ ದೊಡ್ಡ ಸಂತೋಷ ಅವನಿಗೆ ಗೊತ್ತಿರಲಿಲ್ಲ, ಮಗಳು ಹುಟ್ಟಿದ ದಿನ ಕೂಡ ಅವನು ಇಷ್ಟು ನಿರಾಳವಾಗಿರಲಿಲ್ಲ, ಹಾಗೆಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಮೊದಲು ಯಾವ ತಂಡವೂ ಆರಿಸಿಕೊಳ್ಳದೆ ಬಿಟ್ಟಿದ್ದವನು ಅವನು. ಒಂದು ಊರಿನವರು ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡಿದ್ದರು, ಕಳಿಸಿದರು, ಇನ್ನೊಂದು ಊರಿನವರು ಕರೆದರು, ಕಳಿಸಿದರು, ಕೊನೆಗೆ ಇವರು. ಆಮೇಲೆ ಆ ನವೆಂಬರ್. ಮೈದಾನದ ನಡುವೆ ಯಾರೋ ಬಂದು ಅಪ್ಪಳಿಸಿದರು. ಎದ್ದವನು ನೆಟ್ಟಗೆ ಎದುರಾಳಿಗಳ ಗುಂಪಿಗೆ ಹೋಗಿ ಅವರ ಹೆಗಲ ಮೇಲೆ ಕೈಹಾಕಿ ಮುಂದಿನ ಆಟ ಏನೆಂದು ಕೇಳಲು ಬಗ್ಗಿದ. ಅವರು ನಗುತ್ತಾ ಅವನನ್ನು ತಿರುಗಿಸಿ ಬೆನ್ನು ತಟ್ಟಿ ಕಳಿಸಿದರು. ಸೋಮವಾರ ಆ ವಿಡಿಯೋ ತುಣುಕನ್ನು ಎಲ್ಲರೆದುರು ಹಾಕಿದಾಗ ಕೋಣೆಗೆ ಕೋಣೆಯೇ ಉರುಳಾಡಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆ ವಾರ ಮರ್ವ್ ಪರೀಕ್ಷೆ ಮಾಡಿದ. ಅಳತೆಗಿಂತ ಕಡಿಮೆಯೇನೂ ಬರಲಿಲ್ಲ. ಭಾನುವಾರ ಅವನು ಮೈದಾನದಲ್ಲಿದ್ದ. ಅವತ್ತೇ ಆ ಕ್ಯಾಚ್. ಒಂದೇ ಕೈ, ಗಾಳಿಯಲ್ಲಿ ಅಡ್ಡ ಮಲಗಿದ ಮೈ, ಹಿಂದೆ ಬೀಳುವ ಹಿಮ. ವಿಮಾನ ನಿಲ್ದಾಣಗಳಲ್ಲಿ ಅಪರಿಚಿತರು ಅವನ ತೋಳು ಹಿಡಿದು ತಾವು ಆಗ ಎಲ್ಲಿದ್ದೆವು, ಯಾರನ್ನು ತಬ್ಬಿಕೊಂಡೆವು ಎಂದು ಹೇಳುತ್ತಾರೆ. ಅವನು ತಲೆಯಾಡಿಸುತ್ತಾನೆ. ಅವನಿಗೆ ಅದು ನೆನಪಿಲ್ಲ. ಜನ ನೋಡಿದ ಟೀವಿಯಲ್ಲೇ ಅವನೂ ನೋಡಿದ್ದು. ಅವನ ಬದುಕಿನ ಅತಿ ದೊಡ್ಡ ಗಳಿಗೆಯಲ್ಲಿ ಎಲ್ಲರೂ ಹಾಜರಿದ್ದರು, ಅವನೊಬ್ಬ ಇರಲಿಲ್ಲ.

ಮುಂದಿನ ಆಟಕ್ಕೆ ಎಲ್ಲರೂ ತಲೆ ಸೇರಿಸಿ ಗುಂಪುಗೂಡಿದರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಯಾರು ಎಲ್ಲಿ ಓಡಬೇಕೆಂದು ಎಂದಿನ ಗುಟ್ಟಿನ ಮಾತಿನಲ್ಲಿ ಪಟಪಟನೆ ಹೇಳಿದ, ಎಲ್ಲರೂ ಚಪ್ಪಾಳೆ ತಟ್ಟಿ ಚದುರಿದರು. ಕಾರ್ಡೆಲ್ ತನ್ನ ಗೆರೆಯ ಮೇಲೆ ಬಂದು ನಿಂತಾಗ ಅವನ ತಲೆಯಲ್ಲಿ ಆ ಮಾತು ಇರಲಿಲ್ಲ. ಕೇಳಿದ್ದು ನಿಜ, ದನಿ ಇತ್ತು, ಮಾತಿರಲಿಲ್ಲ. ಬೆವರು ಕಣ್ಣಿಗೆ ಇಳಿಯಿತು. ಅವನು ಆಚೆ ಬದಿಯ ಕ್ವಿನ್ಸಿಯ ಸೊಂಟ ನೋಡಿದ. ಹುಡುಗ ಒಳಗೆ ತಿರುಗಲು ಸಿದ್ಧವಾಗಿದ್ದಾನೆ, ಹಾಗಿದ್ದರೆ ತಾನು ಹೊರಗೆ. ಹೊರಗೆ ಓಡಿದ. ಚೆಂಡು ಬಂತು. ಹಿಡಿದ. "ಇದು ಅನುಭವ ಅಂದ್ರೆ!" ಎಂದು ಕೋಚ್ ಹೊಸಬರಿಗೆ ಕೂಗಿ ಹೇಳಿದ. ಆ ಹೊಗಳಿಕೆ ಕೇಳಿ ಅವನಿಗೆ ಭಯವಾಯಿತು. ತಾನು ಎಷ್ಟು ಚೆನ್ನಾಗಿ ಮುಚ್ಚಿಡುತ್ತೇನೆಂದರೆ, ಪೂರ್ತಿ ಖಾಲಿಯಾಗುವವರೆಗೂ ಯಾರಿಗೂ ತಿಳಿಯುವುದಿಲ್ಲ.

ಮಧ್ಯಾಹ್ನ ಹಾಸ್ಟೆಲಿನ ಮೋಟು ಮಂಚದಲ್ಲಿ ಕಾಲು ಹೊರಗೆ ಚಾಚಿ ಮಲಗಿ ಟಮೀಕಾಗೆ ಫೋನ್ ಮಾಡಿದ.

"ಪರೀಕ್ಷೆ ಏನಾಯ್ತು?" ಹೆಂಡತಿಯ ಮೊದಲ ಮಾತೇ ಅದು.

"ಪಾಸು. ಹೋದ ವರ್ಷದಷ್ಟೇ."

"ಅಬ್ಬ, ದೇವರು ದೊಡ್ಡವನು! ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಗೊತ್ತಾ? ಜೂನಿಂದ ನೀನೊಂಥರಾ ಇದ್ದೆ. ನಿಮ್ಮಮ್ಮಂಗೂ ಹೇಳ್ಬಿಡ್ತೀನಿ, ಅವರೂ ಕಾಯ್ತಿದಾರೆ." ಅವಳ ದನಿ ಹಗುರವಾಯಿತು. ಅವನು ಕಣ್ಣು ಮುಚ್ಚಿಕೊಂಡ. ಹಳೆಯ ಪರೀಕ್ಷೆಗಳಲ್ಲಿ ತಾನು ಮಾಡುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಹೇಳಿದ್ದರೆ ಅವಳು ಎಂದೋ ಅವನ ಕವಚವನ್ನು ಅಂಗಳದಲ್ಲಿ ಹಾಕಿ ಸುಡುತ್ತಿದ್ದಳು.

"ನೈಲಾ ಇದಾಳಾ?"

ಮಗಳು ಬಂದಳು. ಉಸಿರು ಕೇಳಿಸಿತು. "ಡ್ಯಾಡಿ, ಭಾನುವಾರ ನಾವು ನಿನ್ನ ನೋಡೋಕೆ ಬರ್ತೀವಿ. ಬೇಲಿ ಹತ್ರ ನಿಂತಿರ್ತೀನಿ. ಕೆಂಪು ಟೋಪಿ ಹಾಕ್ಕೊಂಡಿರ್ತೀನಿ." ಸ್ವಲ್ಪ ತಡೆದು, ಅಮ್ಮನಿಗೆ ಕೇಳಿಸದಂತೆ ಬಾಯಿಯನ್ನು ಫೋನಿಗೆ ಒತ್ತಿ, "ನಿಂಗೆ ಗೊತ್ತಾಗ್ಲಿ ಅಂತ" ಎಂದಳು.

ಅವನು ಸರಿ ಬಂಗಾರ ಎಂದ. ಫೋನಿಟ್ಟ ಮೇಲೆ ಬಹಳ ಹೊತ್ತು ಚಾವಣಿ ನೋಡಿದ. ಹೇಳಿದರೆ ಇವತ್ತೇ ಎಲ್ಲ ಮುಗಿಯಿತು. ಮೈದಾನವಿಲ್ಲದ ಕಾರ್ಡೆಲ್ ಎಂಬವನನ್ನು ಅವನು ಎಂದೂ ಭೇಟಿಯಾಗಿರಲಿಲ್ಲ. ಹೇಳದಿದ್ದರೆ ಇನ್ನೊಂದು ನವೆಂಬರ್, ಆಮೇಲೆ ಕೆಂಪು ಟೋಪಿಯ ಹುಡುಗಿಯ ಕೈಕುಲುಕಿ ಯಾವ ಊರು ತಮ್ಮದು ಎಂದು ಕೇಳುವುದು. ಅವನು ಮುಖಕ್ಕೆ ದಿಂಬು ಒತ್ತಿಕೊಂಡು ಅತ್ತ.

ಸಂಜೆಯ ಬಿಸಿಲು ಇನ್ನೂ ಇತ್ತು. ಮರ್ವ್ ರಸಾಯನಶಾಸ್ತ್ರದ ಕೋಣೆಯಲ್ಲಿ ಒಬ್ಬನೇ ಕೂತು, ಮರುದಿನ ಕಾಲಿಗೆ ಸುತ್ತುವ ಬಟ್ಟೆಪಟ್ಟಿಗಳನ್ನು ಉರುಳೆ ಮಾಡುತ್ತಿದ್ದ. ಕಾರ್ಡೆಲ್ ಒಳಗೆ ಬಂದು ಬಾಗಿಲು ಹಾಕಿಕೊಂಡ.

"ಮರ್ವ್, ಬೆಳಿಗ್ಗೆ ಪರೀಕ್ಷೆ ನಾನು ನಿಜವಾಗ್ಲೂ ಬರೆದೆ."

"ಎಲ್ಲರೂ ನಿಜವಾಗ್ಲೇ ಬರೀತಾರೆ."

"ಇಲ್ಲ. ಇಷ್ಟು ವರ್ಷ ಬೇಕಂತ ತಪ್ಪು ಮಾಡ್ತಿದ್ದೆ. ಈ ಸಲ ಮಾಡ್ಲಿಲ್ಲ. ಆದ್ರೂ ಅಷ್ಟೇ ಬಂತು. ಈಗ ನನಗೆ ಬರೋದೇ ಅಷ್ಟು."

ಮರ್ವ್‌ನ ಕೈ ನಿಲ್ಲಲಿಲ್ಲ. ಪಟ್ಟಿ ಸುತ್ತುತ್ತಲೇ ಇತ್ತು. "ನೀನು ಏನೂ ಹೇಳಿಲ್ಲ. ನಾನು ಏನೂ ಕೇಳಿಸ್ಕೊಂಡಿಲ್ಲ. ನಾನು ಕೇಳಿಸ್ಕೊಂಡ್ರೆ ಬರೀಬೇಕಾಗುತ್ತೆ. ಬರೆದ್ರೆ ನೀನು ನಾಳೆ ಬಸ್ಸು ಹತ್ತಬೇಕಾಗುತ್ತೆ."

"ನಿಮಗೆ ಗೊತ್ತಿತ್ತಾ?"

"ಏನು?"

"ಬೇಕಂತ ಮಾಡ್ತಿದ್ದೆ ಅಂತ."

ಮುದುಕ ಮೊದಲ ಸಲ ತಲೆ ಎತ್ತಿದ. "ನೀನಾ? ಮೊದಲನೇ ವರ್ಷಾನೇ ಗೊತ್ತಾಯ್ತು. ದಡ್ಡರು ಅಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲ್ಲಪ್ಪ."

ಕಾರ್ಡೆಲ್‌ಗೆ ಆದದ್ದು ಸಂತೋಷ. ನಾಚಿಕೆಗೇಡಿನ, ಹುಡುಗುತನದ ಸಂತೋಷ. ಮುಂದಿನ ಬೆಂಚಿನಿಂದ ಅಮ್ಮ ತಲೆದೂಗಿದಂತೆ. ಅಂತೂ ಒಬ್ಬನಿಗೆ ಗೊತ್ತಿತ್ತು. ಆ ಸಂತೋಷ ಗಂಟಲಿನಿಂದ ಕೆಳಗಿಳಿಯುವ ಮೊದಲೇ ಅದರ ಹಿಂದಿನದು ಬಂತು. ಗೊತ್ತಿದ್ದೇ ಆ ನವೆಂಬರಿನ ವಾರ ಇವನು ತನ್ನ ಬೆನ್ನು ತಟ್ಟಿ, ಎಲ್ಲ ಸರಿಯಾಗಿದೆ ಎಂದು ಮೈದಾನಕ್ಕೆ ಕಳಿಸಿದ್ದ. ಹೊಡೆಯುವಷ್ಟು ಸಿಟ್ಟು ಬಂತು. ಮರ್ವ್‌ನ ಕೈಗಳನ್ನು ನೋಡಿದ. ಮುದಿಕೈಗಳು, ಎಷ್ಟೋ ಬೆಳಗುಗಳಲ್ಲಿ ತನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತಿದ ಕೈಗಳು. ಅವು ಈಗ ನಿಂತಿದ್ದವು.

"ನೀನೇ ಕಾಡಿ ಬೇಡಿ ಹೋದೆ ಕಾರ್ಡೆಲ್. ನೆನಪಿಲ್ವಾ? ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದೆ."

"ನೆನಪಿಲ್ಲ" ಎಂದ ಕಾರ್ಡೆಲ್. ಅದು ನಿಜವೇ ಆಗಿತ್ತು.

ಹೊರಗೆ ಯಾರೋ ಬಕೆಟ್ಟುಗಟ್ಟಲೆ ಮಂಜುಗಡ್ಡೆ ಸುರಿದ ಸದ್ದಾಯಿತು. ಮರ್ವ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ನಿಜವಾದ ಅಕ್ಕರೆ ಇತ್ತು. "ಇದೊಂದು ವರ್ಷ ಆಡಿ ಗೌರವವಾಗಿ ಬಿಡು. ಇವತ್ತು ಬಿಸಿಲಲ್ಲಿ ದಣಿದಿದೀಯ. ಹೋಗು, ಊಟ ಮಾಡು, ಮಲಗು. ಬೆಳಿಗ್ಗೆ ಎದ್ದಾಗಲೂ ಇದು ನೆನಪಿದ್ರೆ ಬಂದು ಹೇಳು, ಆವಾಗ ಕೇಳಿಸ್ಕೋತೀನಿ."

ಹೇಳಿದ ಮೇಲೆ ತಾನೇನು ಹೇಳಿದೆ ಎಂಬುದು ಮುದುಕನಿಗೆ ಕೇಳಿಸಿತು. ಹೆಗಲ ಮೇಲಿನ ಕೈ ಅಲ್ಲೇ ಉಳಿಯಿತು; ತೆಗೆಯಬೇಕೋ ಬೇಡವೋ ಅದಕ್ಕೆ ತಿಳಿಯಲಿಲ್ಲ. ಕಾರ್ಡೆಲ್‌ಗೆ ನಗು ಬರುವಂತಾಯಿತು. ಇಂಥ ಕಡೆಯಲ್ಲೆಲ್ಲ ಅವನು ನಕ್ಕಿದ್ದ. ಈ ಸಲ ನಗಲಿಲ್ಲ.

"ಬೆಳಿಗ್ಗೆ ನೆನಪಿರುತ್ತೋ ಇಲ್ವೋ ನಂಗೆ ಗೊತ್ತಿಲ್ಲ ಮರ್ವ್. ಅದಕ್ಕೇ ಈಗ ಬಂದಿದೀನಿ" ಎಂದು ಅವನು ಕುರ್ಚಿ ಎಳೆದುಕೊಂಡು ಕೂತ. "ಮೊದಲಿಂದ ಹೇಳ್ತೀನಿ. ಈ ಸಲ ಬರ್ಕೊಳ್ಳಿ."